ಹಂಪಿಯ ಪ್ರಚಾರ, ಹಂಪಿಯ ಪಾಡು

2019ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಬೇಕಾದ 52 ತಾಣಗಳ ಪಟ್ಟಿ ಹೊರಡಿಸಿದಾಗ ಹಂಪಿಗೆ ಎರಡನೆಯ ಸ್ಥಾನ ಸಿಕ್ಕಿತ್ತು. ಮೊದಲನೆಯದು ಪೋರ್ಟೊರಿಕೊ. ರಾಜ್ಯವೆಲ್ಲ ಹಿಗ್ಗಿತು. ಫೆಬ್ರವರಿ ಕಾಲಿಡುತ್ತಿದ್ದಂತೆ ಅದೇ ಹಂಪಿಯ ಇನ್ನೊಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು: ಹುಡುಗರು ಕಲ್ಲುಕಂಬವೊಂದನ್ನು ತಳ್ಳಿ ಕೆಡವುವ ವಿಡಿಯೊ. ಪೊಲೀಸರು ಹಿಡಿದರು. ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ವಿಡಿಯೊ ಹಳೆಯದು ಎಂಬ ಸಮಜಾಯಿಷಿಯೂ ಬಂತು. ಹಳೆಯದಾದರೆ ಇನ್ನೂ ನಾಚಿಕೆಗೇಡು. ಕಂಬ ಬಿದ್ದು ಅಷ್ಟು ಕಾಲವಾದರೂ ಯಾರೂ ಕೇಳಿರಲಿಲ್ಲ ಎಂದಾಯಿತಲ್ಲ!

ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಡದೆ ಕರ್ನಾಟಕದ ಪ್ರವಾಸಿ ಪ್ರಚಾರದ ಬೆಲೆ ಕಟ್ಟಲಾಗದು. ಪ್ರಚಾರವಾಗಿ ಅದು ಕೆಟ್ಟದ್ದೇನಲ್ಲ. ‘ಒಂದು ರಾಜ್ಯ, ಹಲವು ಜಗತ್ತು’ ಎಂಬ ಘೋಷವಾಕ್ಯ ಚೊಕ್ಕವಾಗಿದೆ, ಸುಳ್ಳೂ ಅಲ್ಲ. ನನ್ನ ತಕರಾರು ಬೇರೆ. ನಮ್ಮಲ್ಲಿ ಪ್ರಚಾರವೇ ಫಲವೂ ಆಗಿಬಿಟ್ಟಿದೆ. ಯಾವ ಪತ್ರಿಕೆಯಲ್ಲಿ ಬಂತು, ಎಷ್ಟು ಒಡಂಬಡಿಕೆಗೆ ಸಹಿ ಬಿತ್ತು ಎಂದು ಲೆಕ್ಕ ಒಪ್ಪಿಸಿದರೆ ಮುಗಿಯಿತು. ಜನ ಬಂದಿಳಿದ ಊರಿನ ಗತಿ ಏನಾಯಿತೆಂದು ಕೇಳುವವರಿಲ್ಲ. ಒಡಂಬಡಿಕೆಗಳಾದರೂ ಯಾರ ಜೊತೆ? ಟೂರ್ ಕಂಪನಿ, ಹೋಟೆಲು, ಚಿತ್ರತಂಡ, ಹೀಗೆ ಜನರನ್ನು ಕರೆತರುವವರ ಜೊತೆ. ಬಂದವರಿಗೆ ನೀರು ಕೊಟ್ಟು, ಅವರು ಬಿಟ್ಟುಹೋದ ಕಸ ಗುಡಿಸುವ ಊರಿನ ಜೊತೆ ಅಲ್ಲ.

ಈ ರಂಗದವರು ‘ಫ್ಯಾಮ್ ಟ್ರಿಪ್’ ಎನ್ನುವುದನ್ನೇ ನೋಡಿ. ಪತ್ರಕರ್ತರು, ಟೂರ್ ಆಪರೇಟರುಗಳು, ಈಗೀಗ ಇನ್‌ಸ್ಟಾಗ್ರಾಂ ಮಂದಿ, ಎಲ್ಲರನ್ನೂ ಟೆಂಪೊ ಟ್ರಾವೆಲರ್‌ನಲ್ಲಿ ಕೂರಿಸಿ ಪುಕ್ಕಟೆ ಸುತ್ತಾಡಿಸುವ ಏರ್ಪಾಡು. ಹೋಟೆಲಿನ ಬಾಗಿಲಲ್ಲಿ ಆರತಿ, ಹಾರ, ಪೇಟ. ಬೆಳಗಿನ ಜಾವ ಮಾತಂಗ ಬೆಟ್ಟದ ಸೂರ್ಯೋದಯ, ಆಮೇಲೆ ವಿಠ್ಠಲ ದೇಗುಲ, ಕಮಲ ಮಹಲು, ಆನೆ ಲಾಯ. ಸಂಜೆ ಹುಲ್ಲುಹಾಸಿನ ಮೇಲೆ ಡೊಳ್ಳು ಕುಣಿತ. ಹೀಗೆ ಹೋಗಿಬಂದವರು ಸುಳ್ಳು ಬರೆಯುತ್ತಾರೆಂದಲ್ಲ. ಆದರೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಇಳಿದು ಆಟೊದವನ ಜೊತೆ ಚೌಕಾಸಿಗೆ ನಿಂತವನ ಹಂಪಿ, ಬಂಡೆ ಕಾಯುವ ಬಿಸಿಲಲ್ಲಿ ಶೌಚಾಲಯ ಹುಡುಕುವ ಹೆಂಗಸಿನ ಹಂಪಿ ಆ ಗಾಡಿಯ ಕಿಟಕಿಯಲ್ಲಿ ಕಾಣುವುದಿಲ್ಲ. ಉಂಡ ಮನೆಯಲ್ಲಿ ಉಪ್ಪು ಕಡಿಮೆ ಎನ್ನಲು ನಾಲಗೆಯೂ ಏಳುವುದಿಲ್ಲ. ಹಾಗಾಗಿಯೇ ಬಹುಪಾಲು ಹಂಪಿ ಲೇಖನಗಳು ಕಲ್ಲಿನ ರಥದಲ್ಲಿ ಶುರುವಾಗಿ ಹೇಮಕೂಟದ ಸೂರ್ಯಾಸ್ತದಲ್ಲಿ ಮುಗಿಯುತ್ತವೆ.

ಆ ರಥದ ಹತ್ತಿರ ಹೋಗಿ ನಿಂತರೆ ಪ್ರಚಾರದ ಕಥೆಯ ಇನ್ನರ್ಧ ಅಲ್ಲೇ ಇದೆ. ಒಂದು ಕಾಲಕ್ಕೆ ಅದರ ಚಕ್ರಗಳು ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ಸವೆಸುತ್ತಾರೆಂದು ಗಾರೆ ಮೆತ್ತಿ ನಿಲ್ಲಿಸಿದರು. 50 ರೂಪಾಯಿ ನೋಟಿನ ಮೇಲೆ ಅಚ್ಚಾಗಿ ಖ್ಯಾತಿ ಇನ್ನೂ ಏರಿತು. ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುವವರ ಕಾಟಕ್ಕೆ ಕೊನೆಗೆ ಸುತ್ತ ಮರದ ಬೇಲಿಯೂ ಬಂತು. ರಾಜ್ಯದ ಪ್ರವಾಸೋದ್ಯಮ ಇಲಾಖೆ ಯಾವುದನ್ನು ತೋರಿಸಿ ಜನರನ್ನು ಕರೆಯುತ್ತದೋ ಅದನ್ನೇ ಕೇಂದ್ರದ ಪುರಾತತ್ವ ಇಲಾಖೆ ಜನರಿಂದ ದೂರ ಇಡಬೇಕಾಗಿದೆ.

ಪಾಲುದಾರಿಕೆಯ ಮಾತಿಗೆ ಬಂದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2008ರಲ್ಲಿ ಹಳಿಗೆ ಇಳಿದ ಗೋಲ್ಡನ್ ಚಾರಿಯಟ್ ಐಷಾರಾಮಿ ರೈಲು ನೋಡಲು ಚೆಂದ. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜಮನೆತನಗಳ ಹೆಸರು. ಆದರೆ ರೈಲ್ವೆಗೆ ತೆರಬೇಕಾದ ಶುಲ್ಕದ ಭಾರ ಹೊರಲಾಗದೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ (ಕೆಎಸ್‌ಟಿಡಿಸಿ) ಏದುಸಿರು ಬಿಟ್ಟಿತು. 2019ರಲ್ಲಿ ಅದರ ನಿರ್ವಹಣೆಯನ್ನು ರೈಲ್ವೆಯದೇ ಸಂಸ್ಥೆಯಾದ ಐಆರ್‌ಸಿಟಿಸಿಗೆ ಒಪ್ಪಿಸುವ ಒಪ್ಪಂದವಾಯಿತು. ಪೋಸ್ಟರಿಗೆ ಒಪ್ಪುವ ರೈಲು, ಲೆಕ್ಕದ ಪುಸ್ತಕಕ್ಕೆ ಒಪ್ಪಲಿಲ್ಲ. ಅದಕ್ಕೂ ಬಹಳ ಹಿಂದೆ, 1980ರಲ್ಲಿ, ವನ್ಯಜೀವಿ ಪ್ರವಾಸದ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆಗೂಡಿ ಸರ್ಕಾರ ಕಟ್ಟಿದ ಜಂಗಲ್ ಲಾಡ್ಜಸ್ ಇದಕ್ಕೆ ತದ್ವಿರುದ್ಧ. ಅಲ್ಲಿ ಪಾಲುದಾರನಿಂದ ಪಡೆದದ್ದು ಪ್ರಚಾರವನ್ನಲ್ಲ, ಕಸುಬನ್ನು: ಕಾಡಿಗೆ ಜನರನ್ನು ಕರೆದೊಯ್ಯುವುದು ಹೇಗೆ, ಎಲ್ಲಿ ಜೀಪು ನಿಲ್ಲಿಸಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಅವರ ಕಬಿನಿ ತಾಣದ ಹೆಸರು ಬಾಯಿಂದ ಬಾಯಿಗೆ ಹಬ್ಬಿದ್ದು ಆ ಕಸುಬಿನಿಂದ.

ಪಾಲುದಾರಿಕೆಯಲ್ಲೇ ಹುಟ್ಟಿದ ಇನ್ನೊಂದು, ಡೇವಿಡ್ ಅಟೆನ್‌ಬರೊ ದನಿ ಕೊಟ್ಟ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರ, 2020ರಲ್ಲಿ ಚಿತ್ರಮಂದಿರಕ್ಕೇ ಬಂತು. ನಮ್ಮ ಕಾಡುಗಳ ಬಗ್ಗೆ ಅದಕ್ಕಿಂತ ಒಳ್ಳೆಯ ಪ್ರಚಾರವನ್ನು ನಾನಂತೂ ಕಂಡಿಲ್ಲ. ಎಲ್ಲೂ ‘ಬನ್ನಿ’ ಎನ್ನದಿರುವುದೇ ಅದರ ಬಲ. ಆದರೆ ಅರಣ್ಯ ಇಲಾಖೆಯ ಸಹಯೋಗದಲ್ಲಿ ತೆಗೆದ ಆ ದೃಶ್ಯಗಳನ್ನು ಯಾರು, ಯಾವುದಕ್ಕೆ ಬಳಸಬಹುದು, ದುಡ್ಡು ಯಾರಿಗೆ ಎಂಬ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿ 2021ರಲ್ಲಿ ಮಧ್ಯಂತರ ತಡೆಯವರೆಗೂ ಹೋಯಿತು. ತಪ್ಪು ಯಾರದೆಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು.

ದುಡ್ಡು ಕೊಡದೆ ಬರುವ ಪ್ರಚಾರವೂ ಒಂದಿದೆ, ಅದಕ್ಕೆ ಲಗಾಮೇ ಇಲ್ಲ. ‘ಗಾಳಿಪಟ’ ಸಿನಿಮಾ ಬಂದ ಮೇಲೆ ಮಡಿಕೇರಿ ಬಳಿಯ ಮಾಂದಲಪಟ್ಟಿ ಜನರ ಬಾಯಲ್ಲಿ ಅದರೊಳಗಿನ ಮುಗಿಲುಪೇಟೆಯಾಯಿತು, ಜೀಪುಗಳ ಸಾಲು ಶುರುವಾಯಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ನೆರೆದ ಚಾರಣಿಗರ ವಿಡಿಯೊ ಹರಡಿದಾಗ ಸರ್ಕಾರ ಗಾಬರಿಗೊಂಡು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೇ ನಿಲ್ಲಿಸಿತು. ಆನ್‌ಲೈನ್ ಬುಕಿಂಗ್ ಮೊದಲು ಬರಬೇಕಿತ್ತು, ‘ಬನ್ನಿ’ ಎಂಬ ಮಾತು ಆಮೇಲೆ.

ಮತ್ತೆ ಹಂಪಿಗೆ ಬರೋಣ, ಯಾಕೆಂದರೆ ಊರನ್ನು ಹೊರಗಿಟ್ಟು ಪ್ರವಾಸೋದ್ಯಮ ನಡೆಸಿದರೆ ಏನಾಗುತ್ತದೆಂಬುದು ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದರು. ಪುನರ್ವಸತಿಗೆ ಕಡ್ಡಿರಾಂಪುರ ತೋರಿಸಿದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಅನಧಿಕೃತ ರೆಸಾರ್ಟುಗಳು ನೆಲಸಮವಾದವು. ಸ್ಮಾರಕಗಳ ದೃಷ್ಟಿಯಿಂದ ಎರಡನೆಯದು ಸರಿಯಾದ ಕ್ರಮವೇ. ಆದರೆ ಹರಿಗೋಲು ಏರಿ ದಾಟಿ, ಅಗ್ಗದ ಕೋಣೆಯಲ್ಲಿ ವಾರಗಟ್ಟಲೆ ಉಳಿಯುತ್ತಿದ್ದ ಪ್ರವಾಸಿಗರು ಮಾಯವಾಗಲಿಲ್ಲ. ಅವರ ಹಿಂದೆಯೇ ಹೋಂಸ್ಟೇಗಳು ಆನೆಗೊಂದಿ, ಸಾಣಾಪುರಗಳ ಗದ್ದೆಯಂಚಿಗೆ, ಕಾಲುವೆ ದಂಡೆಗೆ ಸರಿದವು. ಬೀದಿದೀಪ, ಪೊಲೀಸ್ ಗಸ್ತು ಅವುಗಳ ಹಿಂದೆ ಹೋಗಲಿಲ್ಲ.

2025ರ ಫೆಬ್ರವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಪ್ರವಾಸಿ ಮೇಳ ನಡೆಯಿತು, 2024-29ರ ಹೊಸ ಪ್ರವಾಸೋದ್ಯಮ ನೀತಿಯೂ ಹೊರಬಂತು. ಎರಡು ವಾರ ಕಳೆಯುವ ಮುಂಚೆ, ಮಾರ್ಚ್ 6ರ ರಾತ್ರಿ, ಸಾಣಾಪುರದ ಕಾಲುವೆ ಬಳಿ ನಕ್ಷತ್ರ ನೋಡಲು ಕೂತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಇಸ್ರೇಲಿನ ಯುವತಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಸತ್ತ. ಜಗತ್ತಿನ ಪತ್ರಿಕೆಗಳು ಮತ್ತೊಮ್ಮೆ ಹಂಪಿಯ ಬಗ್ಗೆ ಬರೆದವು. ಅಂಥ ಅಪರಾಧಕ್ಕೆ ಪ್ರವಾಸೋದ್ಯಮ ನೀತಿ ಹೊಣೆ ಎಂದರೆ ಅತಿಯಾದೀತು. ಆದರೆ ಕತ್ತಲ ಕಾಲುವೆ ದಂಡೆಗೆ ಅತಿಥಿಗಳು ಬರುತ್ತಿದ್ದಾರೆಂದು ಇಡೀ ಊರಿಗೆ ಗೊತ್ತಿದ್ದದ್ದು ನೀತಿ ಬರೆದವರಿಗೂ ಗೊತ್ತಿರಬೇಕಿತ್ತು ಎನ್ನುವುದು ಅತಿಯಲ್ಲ.

ಕೇರಳವನ್ನು ಹೊಗಳಿ ಹೊಗಳಿ ನಮ್ಮವರಿಗೆ ಸಾಕಾಗಿದೆ, ನಿಜ. ಅಲ್ಲಿಯ ಘೋಷವಾಕ್ಯ, ದೋಣಿಮನೆಗಳ ಮಾತು ಬಿಡಿ. ಹಿನ್ನೀರು ಕೊಳಕಾದದ್ದೂ ಅದೇ ದೋಣಿಮನೆಗಳಿಂದ. ನೋಡಬೇಕಾದ್ದು ಕುಮರಕಂ. 2008ರ ಸುಮಾರಿಗೆ ಅಲ್ಲಿ ಪಂಚಾಯಿತಿ, ರೆಸಾರ್ಟು, ಕುಟುಂಬಶ್ರೀ ಮಹಿಳಾ ಗುಂಪುಗಳನ್ನು ಒಟ್ಟಿಗೆ ಕೂರಿಸಿ, ರೆಸಾರ್ಟಿನ ಅಡುಗೆಮನೆಗೆ ತರಕಾರಿ ಊರಿನಿಂದಲೇ ಹೋಗಬೇಕು, ಅದಕ್ಕೆ ಇಂತಿಷ್ಟು ದರ ಎಂದು ನಿಗದಿ ಮಾಡಿದರು. ಪಾಲುದಾರಿಕೆ ಎಂದರೆ ಅದು, ಬದನೆಕಾಯಿ ದರದ ಮಟ್ಟಕ್ಕೆ ಇಳಿದದ್ದು. ಹಂಪಿಯ ಆಸುಪಾಸಿನಲ್ಲೂ ಅಂಥದ್ದು ಇಲ್ಲದಿಲ್ಲ: ಆನೆಗೊಂದಿಯ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸಿ ಎರಡು ದಶಕ ದಾಟಿದೆ. ಅದು ಸರ್ಕಾರದ ಯೋಜನೆಯಿಂದ ಹುಟ್ಟಿದ್ದಲ್ಲ. ಹಂಪಿಯ ಹೆಸರಿನಲ್ಲಿ ಇಲಾಖೆ ಮುಂದೆ ಸಹಿ ಹಾಕುವ ಒಡಂಬಡಿಕೆಯಲ್ಲಿ ಆನೆಗೊಂದಿ ಪಂಚಾಯಿತಿಯೂ ಒಂದು ಪಕ್ಷವಾಗಿರಲಿ. ಕಾಲುವೆ ದಂಡೆಗೆ ಎಲ್ಲೆಲ್ಲಿ ದೀಪ ಬೇಕೆಂದು ಹೇಳಬಲ್ಲವರು ಅವರೇ.