ನಡಾವಳಿಯಲ್ಲಿ ಇಲ್ಲದ ಮಾತು

ಸರ್ಕಾರಿ ಶಾಲೆಯ ಬೀರುವಿನಲ್ಲಿ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಬಿಸಿಯೂಟದ ಲೆಕ್ಕ ಇವುಗಳ ಜೊತೆಗೆ ಒಂದು ನಡಾವಳಿ ಪುಸ್ತಕವೂ ಇರುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಎಂದಾಗಿರುವ ಸಮಿತಿಯ ಸಭೆಗಳು ಅದರಲ್ಲಿ ದಾಖಲಾಗುತ್ತವೆ. ಕತೆ ಬರೆಯುವ ನನಗೆ ಇಂಥ ಪುಸ್ತಕ ಕಂಡರೆ ತೆರೆದು ನೋಡುವ ಚಪಲ. ನೋಡಿದವುಗಳಲ್ಲೆಲ್ಲ ಭಾಷೆ ಒಂದೇ. ಸಭೆ ಸೇರಿತು, ಕೂಲಂಕಷವಾಗಿ ಚರ್ಚಿಸಲಾಯಿತು, ಸರ್ವಾನುಮತದಿಂದ ಠರಾವು ಮಾಡಲಾಯಿತು. ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು. ಯಾರು ಏನು ಕೇಳಿದರು, ಯಾರು ಬೇಡವೆಂದರು, ಯಾರು ಸಿಟ್ಟಿನಿಂದ ಎದ್ದುಹೋದರು ಎಂಬುದು ಇಲ್ಲ. ತಮ್ಮ ಮಕ್ಕಳ ವಿಷಯಕ್ಕೆ ಒಂದೆಡೆ ಕೂತ ತಂದೆತಾಯಿಗಳು ವರ್ಷವಿಡೀ ಒಮ್ಮೆಯೂ ಭಿನ್ನವಾಗಿ ಮಾತಾಡಲಿಲ್ಲ ಎಂದು ಕತೆಯಲ್ಲಿ ಬರೆದರೆ ಯಾರೂ ನಂಬಲಾರರು. ಸರ್ಕಾರಿ ಕಡತದಲ್ಲಿದ್ದರೆ ನಂಬುತ್ತೇವೆ.

ಈ ಪುಸ್ತಕವನ್ನು ಹಗುರವಾಗಿ ಕಾಣುವಂತಿಲ್ಲ. ಕರ್ನಾಟಕ ಸರ್ಕಾರ 2001ರ ಏಪ್ರಿಲ್ ಆದೇಶದಲ್ಲಿ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಎಸ್‌ಡಿಎಂಸಿಗಳನ್ನು ತಂದಿತು. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸು ಅದರ ಹಿಂದಿತ್ತು. ಊರಿನ ಗೌಡರು, ಗುತ್ತಿಗೆದಾರರು ಕೂರುತ್ತಿದ್ದ ಕುರ್ಚಿಯಲ್ಲಿ ಆ ಶಾಲೆಯಲ್ಲಿ ಮಗುವನ್ನು ಬಿಟ್ಟಿರುವ ತಂದೆಯೋ ತಾಯಿಯೋ ಕೂರಬೇಕು ಎಂಬುದು ಅದರ ತಿರುಳು. ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅಂದರೆ ನಮ್ಮ ರಾಜ್ಯ ಎಂಟು ವರ್ಷ ಮುಂದಿತ್ತು. ಆ ಕಾಯ್ದೆಯ 21ನೇ ಕಲಮು ಸಮಿತಿಯ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. 22ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಶಾಲಾ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು. ಸರ್ಕಾರದ ಯೋಜನೆಗಳಿಗೂ ಅನುದಾನಕ್ಕೂ ಅದೇ ಆಧಾರವಾಗಬೇಕು.

ಈ ಮಾತನ್ನು ಮತ್ತೊಮ್ಮೆ ಓದಬೇಕು. ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಜಿಲ್ಲೆಗೆ, ತಾಲೂಕಿಗೆ, ಕೊನೆಗೆ ಶಾಲೆಗೆ ಇಳಿಯುವ ಯೋಜನೆಯನ್ನು ಈ ಕಾಯ್ದೆ ತಲೆಕೆಳಗು ಮಾಡಿದೆ. ಮೊಹಲ್ಲಾದ ಶಾಲೆಯ ಜಗಲಿಯಲ್ಲಿ ಕೂತ ಹೆಂಗಸರು ಬರೆಸಿದ ಪಟ್ಟಿಯಿಂದ ಜಿಲ್ಲೆಯ ಯೋಜನೆ ಹುಟ್ಟಬೇಕು. ಕಾಗದದ ಮೇಲೆ ಇಷ್ಟು ಕ್ರಾಂತಿಕಾರಿಯಾದ ಮಾತು ನಮ್ಮ ಕಾನೂನುಗಳಲ್ಲಿ ಹೆಚ್ಚು ಸಿಗುವುದಿಲ್ಲ.

ಆಗುತ್ತಿರುವುದೇನು? ಯೋಜನೆಯ ನಮೂನೆ ಮೇಲಿನಿಂದ ಬರುತ್ತದೆ. ಕಡೆಯ ದಿನಾಂಕವೂ ಅದರ ಜೊತೆಯಲ್ಲೇ ಬರುತ್ತದೆ. ಮುಖ್ಯ ಶಿಕ್ಷಕರು ಹಿಂದಿನ ವರ್ಷದ ಅಂಕಿಗಳಿಗೆ ಒಂದಿಷ್ಟು ಸೇರಿಸಿ, ಒಂದಿಷ್ಟು ಕಳೆದು ತುಂಬುತ್ತಾರೆ. ಅಧ್ಯಕ್ಷರ ಸಹಿಗಾಗಿ ಹುಡುಗನೊಬ್ಬ ಗ್ಯಾರೇಜಿಗೋ ಮಟನ್ ಅಂಗಡಿಗೋ ಓಡುತ್ತಾನೆ. ಮೇಷ್ಟ್ರುಗಳನ್ನು ಬೈಯುವುದು ಸುಲಭ. ಪಾಠದ ನಡುವೆ ಮೊಟ್ಟೆಯ ಲೆಕ್ಕ, ಸಮವಸ್ತ್ರದ ಲೆಕ್ಕ, ಕಂಪ್ಯೂಟರಿಗೆ ತುಂಬುವ ಲೆಕ್ಕ ಎಲ್ಲವೂ ಅವರ ತಲೆಯ ಮೇಲಿವೆ. ಪೋಷಕರು ಸಭೆಗೆ ಬರುವುದಿಲ್ಲ ಎಂದು ಅವರು ದೂರುವುದೂ ಸುಳ್ಳಲ್ಲ. ಆದರೆ ಸಭೆ ಕರೆಯುವುದು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ. ಬೀಡಿ ಕಟ್ಟುವವಳಿಗೆ, ಹಮಾಲಿಗೆ, ಮನೆಗೆಲಸದವಳಿಗೆ ಆ ಎರಡು ಗಂಟೆಯ ಬೆಲೆ ಅರ್ಧ ದಿನದ ಗಂಜಿ. ಬಂದು ಕೂತರೂ ಆಗಲೇ ತುಂಬಿಟ್ಟ ನಮೂನೆಗೆ ಸಹಿ ಹಾಕುವುದಷ್ಟೇ ಕೆಲಸವಾದರೆ, ಬರದಿರುವ ಜಾಣತನವನ್ನು ಅಸಡ್ಡೆ ಎಂದು ಕರೆಯಬಾರದು.

ನಮೂನೆಯನ್ನೇ ಒಂದು ಬರಹವೆಂದು ಓದಿ ನೋಡೋಣ. 2010ರ ಕೇಂದ್ರ ನಿಯಮಗಳ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮೂರು ವರ್ಷದ್ದು. ಅದರಲ್ಲಿ ಪ್ರತಿ ತರಗತಿಗೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಎಷ್ಟು ಕೋಣೆ, ಸಲಕರಣೆ ಬೇಕು, ಎಷ್ಟು ಹಣ ಬೇಕು ಎಂಬ ಅಂದಾಜಿರಬೇಕು. ಎಲ್ಲವೂ ಬೇಕಾದದ್ದೇ. ಆದರೆ ಇಡೀ ನಮೂನೆ 'ಎಷ್ಟು' ಎಂಬ ಒಂದೇ ಪ್ರಶ್ನೆ ಕೇಳುತ್ತದೆ. ಏನು ಕಲಿಯುತ್ತಿದ್ದಾರೆ, ಯಾವ ಭಾಷೆಯಲ್ಲಿ, ಇಲ್ಲಿ ಕಲಿತು ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ.

ಸರ್ಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆಯೊಂದರ ಪೋಷಕರ ಸಭೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಾಂಪೌಂಡು, ಕುಡಿಯುವ ನೀರು, ಶೌಚಾಲಯದ ಬಾಗಿಲು ಎಲ್ಲ ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತು, ಸೆರಗನ್ನು ಸರಿಮಾಡಿಕೊಂಡು ಕೇಳಿದಳು: "ಸಾತ್ವೀಂ ಹುಯೇ ಬಾದ್ ಬಚ್ಚಿ ಕಾಂ ಜಾನಾ?" ಏಳನೇ ತರಗತಿ ಮುಗಿದ ಮೇಲೆ ಹುಡುಗಿ ಎಲ್ಲಿಗೆ ಹೋಗಬೇಕು? ಹತ್ತಿರದಲ್ಲಿ ಉರ್ದು ಹೈಸ್ಕೂಲಿಲ್ಲ. ಕನ್ನಡ ಹೈಸ್ಕೂಲಿದೆ, ಆದರೆ ಏಳು ವರ್ಷ ಕನ್ನಡವನ್ನು ಒಂದು ಪಾಠವಾಗಷ್ಟೇ ಓದಿದ ಹುಡುಗಿ ಅಲ್ಲಿ ವಿಜ್ಞಾನವನ್ನೂ ಸಮಾಜವನ್ನೂ ಕನ್ನಡದಲ್ಲಿ ಎದುರಿಸಬೇಕು. ಇನ್ನೊಂದು ಹೈಸ್ಕೂಲಿಗೆ ಬಸ್ಸು ಹತ್ತಬೇಕು, ಹಿಂದಿರುಗುವ ಹೊತ್ತಿಗೆ ಕತ್ತಲಾಗುತ್ತದೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು "ಅದು ನಮ್ಮ ಕೈಯಲ್ಲಿಲ್ಲಮ್ಮ, ಮೇಲಿನವರ ವಿಷಯ" ಎಂದರು. ನಡಾವಳಿಯಲ್ಲಿ ಕಾಂಪೌಂಡು ಬಂತು. ಈ ಪ್ರಶ್ನೆ ಬರಲಿಲ್ಲ.

ಜಿಲ್ಲೆಯ ಶಿಕ್ಷಣ ಯೋಜನೆಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಯಾವುದಿದೆ? ಒಂದು ಶಾಲೆ ತಾನೊಂದೇ ಉತ್ತರಿಸಲಾರದ, ಜಿಲ್ಲೆ ಮಾತ್ರ ಉತ್ತರಿಸಬಲ್ಲ ಪ್ರಶ್ನೆ ಅದು. ಹೈಸ್ಕೂಲಿಗೆ ಉರ್ದು ವಿಭಾಗ ಕೊಡುವುದೇ, ಐದನೇ ತರಗತಿಯಿಂದಲೇ ಕನ್ನಡವನ್ನು ಗಟ್ಟಿಮಾಡುವ ಶಿಕ್ಷಕರನ್ನು ಕೊಡುವುದೇ, ಬಸ್ಸಿನ ವೇಳೆ ಬದಲಿಸುವುದೇ? ಉರ್ದು ಶಾಲೆಗಳ ಬಗ್ಗೆ ನಮ್ಮವರ ವಾದ ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತದೆ. ಉರ್ದು ಉಳಿಯಬೇಕು ಎಂದು ಮುಶಾಯಿರಾದಲ್ಲಿ ಕೂಗುವವರ ಮಕ್ಕಳು ಕಾನ್ವೆಂಟಿನಲ್ಲಿರುತ್ತಾರೆ. ಉರ್ದು ಶಾಲೆ ಮುಚ್ಚಿದರೆ ಒಳ್ಳೆಯದು ಎನ್ನುವವರಿಗೆ ಅಲ್ಲಿ ಓದುವ ಮಗುವಿನ ಮನೆ ಗೊತ್ತಿರುವುದಿಲ್ಲ. ಎರಡೂ ಭಾಷೆಯಲ್ಲಿ ಓದಿ ಬಂದ ನನಗೆ ಅನ್ನಿಸುವುದಿಷ್ಟೇ: ಯಾವ ಭಾಷೆ ಬೇಕೆಂದು ನಿರ್ಧರಿಸುವ ಮೊದಲು ಆ ತಾಯಿಯನ್ನು ಕೇಳಬೇಕು. ಅವಳ ಮನೆಮಾತು ಪಠ್ಯಪುಸ್ತಕದ ಉರ್ದುವೂ ಅಲ್ಲ, ಕಚೇರಿಯ ಕನ್ನಡವೂ ಅಲ್ಲ. ಕನ್ನಡದಲ್ಲಿ ಬರೆದ ಠರಾವನ್ನು ಸಹಿಗೆ ಮೊದಲು ಅವಳ ದಖನಿಯಲ್ಲಿ ಓದಿ ಹೇಳುವ ಪದ್ಧತಿಯನ್ನೂ ನಾವು ಬೆಳೆಸಿಲ್ಲ.

ಇದು ಮುಸ್ಲಿಮರಿಗಷ್ಟೇ ಸಂಬಂಧಿಸಿದ್ದಲ್ಲ. ಲಂಬಾಣಿ ತಾಂಡಾದ ಮಗು, ಗಡಿ ತಾಲೂಕಿನ ಮರಾಠಿ, ತೆಲುಗು ಮಗು, ಗುಳೆ ಹೋಗುವವರ ಮಗು ಎಲ್ಲರ ಕತೆಯೂ ಇದೇ. ಆದರೂ ಒಂದು ಮಾತು ಇಲ್ಲಿ ಹೇಳಬೇಕು. ಮುಸ್ಲಿಮರ ಶಿಕ್ಷಣವೆಂದರೆ ಮದರಸಾ ಎಂದುಕೊಂಡವರು ನಮ್ಮೊಳಗೂ ಹೊರಗೂ ಇದ್ದಾರೆ. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಕ್ಕೆ ಹೋಗುವವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಮದರಸಾದ ಬಗ್ಗೆ ನಡೆದಷ್ಟು ಚರ್ಚೆಯ ಕಾಲು ಭಾಗವಾದರೂ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯ ಬಗ್ಗೆ ನಮ್ಮ ಜಮಾಅತ್‌ಗಳಲ್ಲಿ ನಡೆದಿದ್ದರೆ ಚೆನ್ನಾಗಿತ್ತು.

ಇನ್ನು ಹಣದ ವಿಷಯ. ಯೋಜನೆ ಅನುದಾನಕ್ಕೆ ಆಧಾರ ಎಂದು ಕಾಯ್ದೆ ಹೇಳಿದರೂ ಅನುದಾನ ಬರುವುದು ತಲೆಯೆಣಿಕೆಯಿಂದ. ಸರ್ವ ಶಿಕ್ಷಾ ಅಭಿಯಾನದ ಆರಂಭದ ಕಾಲದಲ್ಲಿ ಶಾಲೆಗೆ ವರ್ಷಕ್ಕೆ 2,000 ರೂಪಾಯಿ, ಶಿಕ್ಷಕರಿಗೆ 500 ರೂಪಾಯಿ ಎಂದು ನಿಗದಿಯಾಗಿತ್ತು. 2018ರಲ್ಲಿ ಸಮಗ್ರ ಶಿಕ್ಷಣ ಬಂದಾಗ ಮಕ್ಕಳ ಸಂಖ್ಯೆ ನೋಡಿ 25,000 ರೂಪಾಯಿಯಿಂದ 1 ಲಕ್ಷದವರೆಗೆ ಹಂತಗಳಾದವು. ಮೊತ್ತ ಹೆಚ್ಚಿತು, ನಿಜ. ಆದರೆ ಮಕ್ಕಳು ಕಡಿಮೆಯಾಗುತ್ತಿರುವ ಶಾಲೆಗೇ ಹೆಚ್ಚು ಆಸರೆ ಬೇಕು; ಈ ಲೆಕ್ಕದಲ್ಲಿ ಅದಕ್ಕೇ ಕಡಿಮೆ. ಮೊತ್ತ ಮೊದಲೇ ತೀರ್ಮಾನವಾಗಿರುವಾಗ ಪೋಷಕರು ಯಾಕೆ ಯೋಜನೆ ಮಾಡಬೇಕು ಎಂಬ ಪ್ರಶ್ನೆಗೆ ಇಲಾಖೆಯ ಸುತ್ತೋಲೆಗಳಲ್ಲಿ ನನಗೆ ಉತ್ತರ ಸಿಕ್ಕಿಲ್ಲ.

ಸಮುದಾಯ ಇಲಾಖೆಗೆ ನೆನಪಾಗುವ ಸಂದರ್ಭವೊಂದಿದೆ. 2022ರ ಅಕ್ಟೋಬರ್‌ನಲ್ಲಿ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಹೊರಟಿತು. ಟೀಕೆ ಜೋರಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಸುಣ್ಣ ಬಳಿಯಲು, ಬೆಂಚು ಕೊಡಿಸಲು, ಸ್ವಾತಂತ್ರ್ಯ ದಿನದ ಸಿಹಿ ಹಂಚಲು ಸಮುದಾಯ ಬೇಕು. ಶಿಕ್ಷಕರ ಹುದ್ದೆ ಎಲ್ಲಿಗೆ, ಯಾವ ಶಾಲೆಯನ್ನು ಯಾವುದರ ಜೊತೆ ವಿಲೀನ ಮಾಡುವುದು, ಯಾವ ಮಾಧ್ಯಮ ಎಲ್ಲಿ ತೆರೆಯುವುದು ಎಂಬಲ್ಲಿಗೆ ಬಂದಾಗ ಅದೇ ಸಮುದಾಯ ಬಾಗಿಲಾಚೆ. 'ಸಹಭಾಗಿತ್ವ' ಎಂಬ ಭಾರದ ಪದದಲ್ಲಿ ಭಾಗ ಕೊಡುವುದಷ್ಟೇ ಉಳಿದು ಭಾಗ ಕೇಳುವುದು ಬಿದ್ದುಹೋಗಿದೆ.

ಸಮಿತಿ ಯಾರದ್ದು ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂಬುದನ್ನು 2022ರಲ್ಲೇ ಇನ್ನೊಂದು ರೀತಿಯಲ್ಲಿ ನೋಡಿದೆವು. ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಪೋಷಕರದ್ದಾದರೆ, ಪದವಿಪೂರ್ವ ಕಾಲೇಜಿನ ಅಭಿವೃದ್ಧಿ ಸಮಿತಿಗೆ 2014ರ ಸುತ್ತೋಲೆಯ ಪ್ರಕಾರ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಆ ವರ್ಷ ಫೆಬ್ರವರಿ 5ರ ಸರ್ಕಾರಿ ಆದೇಶ ಕಾಲೇಜಿನ ಸಮವಸ್ತ್ರದ ತೀರ್ಮಾನವನ್ನು ಇಂಥ ಸಮಿತಿಗಳಿಗೆ ಬಿಟ್ಟಿತು. ಶಾಸಕರಿರುವ ಸಮಿತಿಗೆ ಈ ಅಧಿಕಾರ ಕೊಡಬಹುದೇ ಎಂದು ವಿದ್ಯಾರ್ಥಿನಿಯರ ಪರ ವಕೀಲರು ಹೈಕೋರ್ಟಿನಲ್ಲಿ ಕೇಳಿದ್ದರು. ಮಾರ್ಚ್ 15ರ ತೀರ್ಪು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹಿಜಾಬಿನ ಪರ ವಿರೋಧದ ಗದ್ದಲದಲ್ಲಿ ಒಂದು ಸಣ್ಣ ವಿಷಯವನ್ನು ಹೆಚ್ಚಿನವರು ಗಮನಿಸಲಿಲ್ಲ. ಆ ಹುಡುಗಿಯರ ಓದು ಮುಂದುವರಿಯುವುದೋ ಇಲ್ಲವೋ ಎಂಬುದು ನಿಂತಿದ್ದ ಮೇಜಿನ ತಲೆಯ ಕುರ್ಚಿಗೆ ಅವರ ತಂದೆತಾಯಿಗಳು ಯಾರನ್ನೂ ಆರಿಸಿರಲಿಲ್ಲ.

ಅಧಿಕಾರವನ್ನು ಕೆಳಗಿಳಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. ಅಬ್ದುಲ್ ನಜೀರ್ ಸಾಬ್ ಅವರನ್ನು ಬೋರ್‌ವೆಲ್ಲುಗಳಿಗಾಗಿ 'ನೀರ್ ಸಾಬ್' ಎಂದು ನೆನೆಯುತ್ತೇವೆ. ಅವರ ಮುತುವರ್ಜಿಯ 1983ರ ಕಾಯ್ದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು, ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ ನಾಲ್ಕನೇ ಒಂದು ಭಾಗ ಹೆಂಗಸರು ಅಲ್ಲಿ ಕೂತದ್ದು ಅದಕ್ಕಿಂತ ದೊಡ್ಡ ಕೆಲಸ. ಅಂಥ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಶಾಲೆಯಿಂದ ಹೊರಟ ಯೋಜನೆ ಜಿಲ್ಲೆಗೆ ತಲುಪಿದರೂ ಅದನ್ನು ಎತ್ತಿಕೊಂಡು ಕೇಳುವ ಚುನಾಯಿತ ಬಾಯಿ ಅಲ್ಲಿರಲಿಲ್ಲ.

ಸರ್ಕಾರವನ್ನು ಇಷ್ಟು ಹೊತ್ತು ವಿಚಾರಿಸಿಕೊಂಡ ಮೇಲೆ ನಮ್ಮ ಮನೆಯೊಳಗೂ ನೋಡಬೇಕು. 2012ರ ತಿದ್ದುಪಡಿಯ ನಂತರ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿ ಈ ಪೋಷಕರ ಸಮಿತಿ ಸಲಹೆ ಮಾತ್ರ ಕೊಡಬಹುದು, ಯೋಜನೆ ತಯಾರಿಸುವ ಹೊಣೆ ಅದಕ್ಕಿಲ್ಲ ಎಂದಾಯಿತು. 2014ರ ಮೇ ತಿಂಗಳ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟಿತು. ಸಂವಿಧಾನದ 30ನೇ ವಿಧಿಯ ರಕ್ಷಣೆಯಾಯಿತೆಂದು ನಮ್ಮ ಸಂಸ್ಥೆಗಳು ನಿಟ್ಟುಸಿರು ಬಿಟ್ಟವು. ಆ ವಿಧಿಯ ಬೆಲೆ ನನಗೆ ಗೊತ್ತಿದೆ. ಅದನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸಂಸ್ಥೆ ನಡೆಸುವ ಹಕ್ಕು ಸಮುದಾಯದ್ದು ಎಂದಾಗ ಆ ಸಮುದಾಯ ಯಾರು? ಆಡಳಿತ ಮಂಡಳಿಯ ಹತ್ತು ಹದಿನೈದು ಗಂಡಸರೇ? ಫೀಸು ಕಟ್ಟಲು ಕಿವಿಯೋಲೆ ಗಿರವಿ ಇಟ್ಟ ತಾಯಿ ಆ ಸಮುದಾಯದಲ್ಲಿ ಸೇರುತ್ತಾಳೋ ಇಲ್ಲವೋ? ಪೋಷಕರ ದಿನ ಅವಳನ್ನು ಕರೆದು ಮಗನ ಅಂಕಪಟ್ಟಿ ತೋರಿಸಿ, ಒಂದು ಚಹಾ ಕೊಟ್ಟು ಕಳಿಸುತ್ತೇವೆ. ವಿಜ್ಞಾನದ ಟೀಚರು ವರ್ಷದಲ್ಲಿ ಮೂರು ಸಲ ಯಾಕೆ ಬದಲಾದರು, ಹೆಣ್ಣುಮಕ್ಕಳ ವಿಭಾಗಕ್ಕೆ ಪ್ರಯೋಗಾಲಯ ಯಾಕಿಲ್ಲ, ಹೊಸ ಕಟ್ಟಡ ಬೇಕೋ ಒಳ್ಳೆಯ ಸಂಬಳದ ಶಿಕ್ಷಕರು ಬೇಕೋ ಎಂದು ಅವಳು ಕೇಳುವ ಜಾಗ ನಮ್ಮ ಸಂಸ್ಥೆಗಳಲ್ಲೂ ಇಲ್ಲ.

ಕಾನೂನು ನಮ್ಮನ್ನು ಬಲವಂತ ಮಾಡುವುದಿಲ್ಲ ಎಂಬುದು ನಿಜ, ತಡೆಯುವುದೂ ಇಲ್ಲ. ಯಾವ ಅಂಜುಮನ್ ಆದರೂ ಬರುವ ಜೂನಿನಲ್ಲಿ ತನ್ನ ಶಾಲೆಯ ಪೋಷಕರ ಸಭೆ ಕರೆದು, ಅರ್ಧದಷ್ಟು ತಾಯಂದಿರಿರುವ ಸಮಿತಿಯನ್ನು ಅವರಿಂದಲೇ ಆರಿಸಿ, ಮೂರು ವರ್ಷದ ಯೋಜನೆಯನ್ನೂ ಲೆಕ್ಕಪತ್ರವನ್ನೂ ಅವರ ಮುಂದಿಡಬಹುದು. ಅದಕ್ಕೆ ಯಾವ ಬಿಇಒ ಕಚೇರಿಯ ಅನುಮತಿಯೂ ಬೇಕಿಲ್ಲ. ಸಭೆಯನ್ನು ಭಾನುವಾರ ಅಸರ್ ನಮಾಜಿನ ನಂತರ ಇಟ್ಟರೆ ಬೀಡಿ ಕಟ್ಟುವವಳ ಕೂಲಿಯೂ ಮುರಿಯುವುದಿಲ್ಲ.