ಯುದ್ಧವನ್ನು ಗುಡಿಸಲಿನಿಂದ ನೋಡಿದವನು

'ನಿಮ್ಮ ಕೇರಿಗೆ ಇನ್ನೂ ನೀರಿಲ್ಲ, ನಿಮಗ್ಯಾಕ್ರೀ ವಿಯಟ್ನಾಂ ಗೊಡವೆ?' ಯುದ್ಧದ ಬಗ್ಗೆ ಒಂದು ಪದ್ಯ ಓದಿ ವೇದಿಕೆ ಇಳಿದಾಗ ಹಿರಿಯರೊಬ್ಬರು ಕೇಳಿದರು. ಪ್ರೀತಿಯಿಂದಲೇ ಕೇಳಿದರು ಅನ್ನಿ. ಆದರೆ ಆ ಪ್ರೀತಿಗೊಂದು ಬೇಲಿ ಇತ್ತು. ಕೇರಿಯವನು ಕೇರಿಯದ್ದಷ್ಟೇ ಬರೀಬೇಕು, ಲೋಕದ ವಿಚಾರ ಲೋಕ ಆಳೋರು ನೋಡ್ಕೋತಾರೆ!

ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದೇ ಮಾತು ಕೇಳಬೇಕಾಯಿತು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಅವರು ವಿಯಟ್ನಾಂ ಯುದ್ಧವನ್ನು ವಿರೋಧಿಸಿ ಮಾತಾಡಿದರು. ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಎರಡೂ ಸಂಪಾದಕೀಯ ಬರೆದು ಖಂಡಿಸಿದವು. ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ಹಳೆಯ ಸಂಸ್ಥೆಯೂ ಎರಡು ಹೋರಾಟಗಳನ್ನು ಬೆರೆಸಬೇಡಿ ಎಂದಿತು.

ಆ ಭಾಷಣವನ್ನು ಒಂದು ಕೃತಿಯಾಗಿ ಓದಬೇಕು. ಕಿಂಗ್ ಮೊದಲು ಲೆಕ್ಕ ಒಪ್ಪಿಸುತ್ತಾರೆ: ಬಡವರ ಯೋಜನೆಯ ಹಣ ಯುದ್ಧದ ಹೊಟ್ಟೆ ಸೇರಿತು. ಆಮೇಲೆ ಯಾರ ಮಕ್ಕಳು ಸಾಯುತ್ತಿದ್ದಾರೆಂದು ಕೇಳುತ್ತಾರೆ. ತಮ್ಮೂರ ಶಾಲೆಯಲ್ಲಿ ಒಂದೇ ಬೆಂಚಿಗೆ ಬರದ ಕಪ್ಪು, ಬಿಳಿ ಹುಡುಗರು ಪರದೇಶದ ಗುಡಿಸಲು ಸುಡುವಾಗ ಜೊತೆಗಾರರು. ಇಲ್ಲಿಂದ ಭಾಷಣ ತಿರುಗುತ್ತದೆ. ಕಿಂಗ್ ಆ ಗುಡಿಸಲ ಒಳಗೇ ಹೋಗಿ ನಿಂತು ಅಮೆರಿಕವನ್ನು ನೋಡುತ್ತಾರೆ. ಅಲ್ಲಿಂದ ಕಾಣೋದೇ ಬೇರೆ. 1945ರಲ್ಲಿ ಸ್ವಾತಂತ್ರ್ಯ ಸಾರಿದ ಜನ ಅವರು. ಅಮೆರಿಕ ಒಪ್ಪದೆ ಫ್ರೆಂಚರ ಯುದ್ಧಕ್ಕೆ ದುಡ್ಡು ಕೊಟ್ಟಿತು. ಅವರು ಭೂಮಿ ಕೇಳಿದರು. ಜಮೀನ್ದಾರರ ಪರ ಇದ್ದ ಸರ್ಕಾರಕ್ಕೆ ಅಮೆರಿಕ ಬೆನ್ನು ಕೊಟ್ಟಿತು. ಭೂಮಿ ಕೇಳಿ ಒದೆ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೊಂದು ತಕರಾರೂ ಇದೆ. ಕಿಂಗ್ ವಿಯಟ್ನಾಮಿನ ಬೌದ್ಧ ಗುರುವೊಬ್ಬರ ಮಾತನ್ನು ಉದ್ಧರಿಸುತ್ತಾರೆ, ಆದರೆ ಗದ್ದೆ ಕಳಕೊಂಡ ಹೆಂಗಸಿನ ಒಂದು ಮಾತೂ ಅಲ್ಲಿಲ್ಲ. ಅವಳ ಸಂಕಟವನ್ನೂ ಪಾದ್ರಿಯ ಬಾಯಲ್ಲೇ ಕೇಳಬೇಕು. ನಮ್ಮ ನೋವನ್ನು ಇನ್ನೊಬ್ಬರು ಚೆಂದಾಗಿ ಹೇಳೋದನ್ನು ಕೇಳಿ ಬೆಳೆದ ನಮಗೆ ಈ ಕೊರತೆ ಬೇಗ ಕಾಣುತ್ತದೆ.

ಹಾಗಾದರೆ ಯಾವ ಸೈನ್ಯವೂ ಗಡಿ ದಾಟಲೇಬಾರದೆ? ಅಷ್ಟು ಸಲೀಸಾಗಿ ಹೇಳಲಾರೆ. ಕಾಂಬೋಡಿಯಾದಲ್ಲಿ ಪೋಲ್ ಪಾಟನ ಆಡಳಿತ 15 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತಗೊಂಡಿತು. 1979ರ ಜನವರಿಯಲ್ಲಿ ಅದನ್ನು ಕೆಡವಿದ್ದು ಇದೇ ವಿಯಟ್ನಾಂ ಸೈನ್ಯ. ಆದರೆ ಬಂದ ಸೈನ್ಯ 1989ರ ತನಕ ಅಲ್ಲೇ ಕೂತಿತು. ಇತ್ತ ಮಾನವೀಯತೆಯ ಮಾತಾಡುವ ಅಮೆರಿಕ ವಿಶ್ವಸಂಸ್ಥೆಯಲ್ಲಿ ಪೋಲ್ ಪಾಟನ ಕಡೆಯವರ ಕುರ್ಚಿ ಉಳಿಸಲು ಮತ ಹಾಕಿತು. ಆದ್ದರಿಂದ ದೊಡ್ಡ ದೇಶದ ಬಾಯಲ್ಲಿ ಕರುಣೆಯ ಮಾತು ಬಂದಾಗ ಕೇಳಬೇಕಾದದ್ದು ಇಷ್ಟು: ಆ ಗುಡಿಸಲಿನವರು ಕರೆದರೇ? ಹೋಗೋರು ಯಾರ ಮಕ್ಕಳು? ಕೊನೆಗೆ ಭೂಮಿ ಯಾರ ಕೈ ಸೇರಿತು? ತಿರುಗಿ ಬರೋದು ಯಾವಾಗ? ಇವಕ್ಕೆ ಉತ್ತರ ಕೊಡದ ಸಹಾಯವನ್ನು ನಂಬಬಾರದು.

ಇನ್ನು ಆ ಹಿರಿಯರ ಪ್ರಶ್ನೆಗೆ ಬರೋಣ. ಭಾಷಣ ಮಾಡಿ ಸರಿಯಾಗಿ ಒಂದು ವರ್ಷಕ್ಕೆ, 1968ರ ಏಪ್ರಿಲ್ 4ರಂದು, ಕಿಂಗ್ ಮೆಂಫಿಸ್‌ನಲ್ಲಿ ಗುಂಡಿಗೆ ಬಲಿಯಾದರು. ಅಲ್ಲಿಗೆ ಯಾಕೆ ಹೋಗಿದ್ದರು ಗೊತ್ತೇ? ಮುಷ್ಕರ ಹೂಡಿದ್ದ ಕಸ ಎತ್ತುವ ಕಾರ್ಮಿಕರ ಜೊತೆ ನಿಲ್ಲೋಕೆ. ವಿಯಟ್ನಾಮಿನ ಗುಡಿಸಲನ್ನು ಕಂಡ ಮನುಷ್ಯ ತನ್ನ ಕೇರಿಯನ್ನು ಮರೆತಿರಲಿಲ್ಲ ಸ್ವಾಮಿ.