ಮೌನಕ್ಕೆ ಮಾತು ತುಂಬುವ ಯಂತ್ರ

ಪಾಡ್‌ಕಾಸ್ಟ್ ಸಂಚಿಕೆಯ ಜೊತೆ ಕೊಡುವ ಪರಿಚಯ ಬರಹವನ್ನು ಈಗ ಹಲವರು ಎಐಗೆ ಒಪ್ಪಿಸಿದ್ದಾರೆ. ಅದು ಸಾಮಾನ್ಯವಾಗಿ ಮಾತನ್ನು ಅಕ್ಷರಕ್ಕಿಳಿಸಿ, ಆ ಅಕ್ಷರವನ್ನಷ್ಟೇ ಓದಿ ಸಾರಾಂಶ ಬರೆಯುತ್ತದೆ. ತೊಡಕಿರುವುದು ಅಲ್ಲೇ. ಓಪನ್‌ಎಐ 2022ರಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ತಂತ್ರಾಂಶವನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದರು. 2024ರ ಅವರ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಒಂದು ತುಣುಕಿನಲ್ಲಿ ಯಾರೂ ಆಡದ ಮಾತುಗಳಿದ್ದವು. ಮಿದುಳಿನ ತೊಂದರೆಯಿಂದ ತಡೆತಡೆದು ಮಾತನಾಡುವವರಲ್ಲಿ ಇದು ಇನ್ನೂ ಹೆಚ್ಚು. ನಡುನಡುವಿನ ದೀರ್ಘ ಮೌನವೂ ಒಂದು ಕಾರಣವೆಂದು ಅವರ ಊಹೆ.

ಕತೆಗಾರನಾದ ನನಗೆ ಇದು ಸಣ್ಣ ತಪ್ಪಲ್ಲ. ಗಲಭೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿ ‘ಆಮೇಲೆ...’ ಎಂದು ನಿಂತುಬಿಟ್ಟರೆ, ಸಂಚಿಕೆಯ ಸಾರವೆಲ್ಲ ಆ ನಿಲುಗಡೆಯಲ್ಲಿರುತ್ತದೆ. ಪೂರ್ತಿ ಕೇಳಿದವರಷ್ಟೇ ಅದನ್ನು ಬರೆಯಬಲ್ಲರು. ಯಾವ ನಿಮಿಷಕ್ಕೆ ಯಾವ ವಿಷಯ ಎಂಬ ಪಟ್ಟಿಯನ್ನು ಯಂತ್ರ ಮಾಡಲಿ, ತಕರಾರಿಲ್ಲ. ಹೆಸರುಗಳನ್ನು ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ: ಉರ್ದುವಿನಲ್ಲಿ ಜಲೀಲ್ ಎಂದರೆ ಘನತೆಯುಳ್ಳವನು, ಮೊದಲಕ್ಷರದ ಉಚ್ಚಾರ ಕೊಂಚ ಜಾರಿದರೆ ಅವಮಾನಿತ!